"ಸೆಟ್" ಅನ್ನೋದಕ್ಕೆ ಒಂದೇ ಕನ್ನಡ ಪದ ಇದೆಯಾ?

ಸಪ್ತಾಪುರದ ಅಮ್ಮ
ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದವರು. ಮಗಳು ಎಂಟನೇ ಕ್ಲಾಸು. ಕಳೆದ ವಾರ ಇಂಗ್ಲಿಷ್ ಹೋಂವರ್ಕಿನಲ್ಲಿ "ಸೆಟ್" ಪದವನ್ನು ಐದು ವಾಕ್ಯದಲ್ಲಿ ಬಳಸಿ, ಪ್ರತಿಯೊಂದಕ್ಕೂ ಕನ್ನಡ ಅರ್ಥ ಬರೆಯಲು ಕೊಟ್ಟಿದ್ದರು. ಅವಳು ತಾನೇ ಕೂತು ಬರೆದಳು. ಸೂರ್ಯ ಸೆಟ್ ಆಗುವುದಕ್ಕೆ "ಮುಳುಗು". ಮೊಸರು ಸೆಟ್ ಆಗುವುದಕ್ಕೆ "ಹೆಪ್ಪುಗಟ್ಟು". ಅಲಾರಂ ಸೆಟ್ ಮಾಡುವುದಕ್ಕೆ "ಇಡು". ಮುರಿದ ಕೈ ಸೆಟ್ ಮಾಡುವುದಕ್ಕೆ "ಎಲುಬು ಕೂಡಿಸು". ಟೀ ಸೆಟ್ಟಿಗೆ "ಒಂದಕ್ಕೊಂದು ಹೊಂದುವ ಕಪ್ಪು, ಬಸಿ".

ನೋಟ್‌ಬುಕ್ ವಾಪಸ್ ಬಂದಾಗ ಮೊಸರು, ಅಲಾರಂ, ಎಲುಬು ಮೂರಕ್ಕೂ ಕೆಂಪು ಗೆರೆ. ಪಕ್ಕದಲ್ಲಿ "ಸೆಟ್ ಎಂದರೆ ಗುಂಪು" ಎಂದು ಬರೆದಿದ್ದಾರೆ. ಅವಳು ರಾತ್ರಿ ಊಟದ ಹೊತ್ತಿಗೆ ಕೇಳಿದಳು: "ಅಮ್ಮಾ, ಮೊಸರು ಹೆಂಗ ಗುಂಪು ಆಗ್ತದ?"

ನನಗೆ ಉತ್ತರ ಬರಲಿಲ್ಲ. ಶಾಲೆಯ ಮೇಲೆ ಸಿಟ್ಟು ಮಾಡಿಕೊಂಡು ಬರೆಯುತ್ತಿಲ್ಲ. ನಿಜವಾಗಿ ತಿಳಿಯಬೇಕಾಗಿದೆ. ಈ ಪದಕ್ಕೆ ಕನ್ನಡದಲ್ಲಿ ಎಲ್ಲ ಕಡೆ ಹೊಂದುವ ಒಂದೇ ಪದ ಇದೆಯಾ? ಇಲ್ಲದಿದ್ದರೆ ನಿಮ್ಮ ನಿಮ್ಮ ಕೆಲಸದಲ್ಲಿ ಏನಂತೀರಿ, ದಯವಿಟ್ಟು ಹೇಳಿ. ಪಟ್ಟಿ ಮಾಡಿ ಅವಳಿಗೆ ಕೊಡುತ್ತೇನೆ.

ಉಣಕಲ್ ದಂಡೆ
ನಿಮ್ಮ ಮಗಳು ಬರೆದದ್ದು ಐದಕ್ಕೆ ಐದೂ ಸರಿ. ಇದರಲ್ಲಿ ಚರ್ಚೆಯೇ ಬೇಡ.

ವಿದ್ಯಾನಗರದವ
ಒಂದೇ ಪದ ಇಲ್ಲ. ಇರಬೇಕಾಗಿಯೂ ಇಲ್ಲ. ಇಂಗ್ಲಿಷಿನವರು ಒಂದೇ ಚೀಲದಲ್ಲಿ ಎಲ್ಲ ತುಂಬಿಟ್ಟಿದ್ದಾರೆ. ನಾವು ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇವೆ.

ನಿಘಂಟು ಪ್ರೀತಿ
ಅಕ್ಕಾವರೇ, ಈ ಪದದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಇದು ಇಂಗ್ಲಿಷಿನ ಅತಿ ದೊಡ್ಡ ಪದಗಳಲ್ಲಿ ಒಂದು. ದೊಡ್ಡದು ಅಂದರೆ ಉದ್ದ ಅಲ್ಲ, ಅರ್ಥದಲ್ಲಿ. ಆಕ್ಸ್‌ಫರ್ಡ್ ದೊಡ್ಡ ನಿಘಂಟಿನ 1989ರ ಎರಡನೇ ಆವೃತ್ತಿ 20 ಸಂಪುಟಗಳದ್ದು. ಅದರಲ್ಲಿ ಎಲ್ಲಕ್ಕಿಂತ ಉದ್ದದ ಬರಹ "ಸೆಟ್" ಪದದ್ದೇ. ಸುಮಾರು 430 ಅರ್ಥ, ವಿವರಣೆಯೇ ಸುಮಾರು 60,000 ಪದ. ಆಮೇಲೆ ನಿಘಂಟನ್ನು ಮತ್ತೆ ತಿದ್ದುತ್ತಾ ಬಂದಾಗ "ರನ್" ಎಂಬ ಕ್ರಿಯಾಪದ 645 ಅರ್ಥಗಳೊಂದಿಗೆ ಅದನ್ನು ಹಿಂದಕ್ಕೆ ಹಾಕಿತು.

ಇನ್ನೊಂದು ಮಾತು. "ಸೆಟ್" ನೋಡಲು ಒಂದೇ ಪದ. ಬೇರು ಎರಡು. "ಇಡು, ಕೂರಿಸು" ಎನ್ನುವ ಕ್ರಿಯಾಪದ ಹಳೆಯ ಇಂಗ್ಲಿಷಿನ "ಸೆಟ್ಟನ್" ಎಂಬುದರಿಂದ ಬಂದಿದೆ. ಅದು "ಸಿಟ್" ಪದದ ಪ್ರೇರಣಾರ್ಥಕ ರೂಪ. ಅಂದರೆ ತಾನು ಕೂತರೆ ಸಿಟ್, ಇನ್ನೊಂದನ್ನು ಕೂರಿಸಿದರೆ ಸೆಟ್. "ಗುಂಪು, ಜೋಡಣೆ" ಎನ್ನುವ ನಾಮಪದ ಮಾತ್ರ ಬೇರೆ ದಾರಿಯಲ್ಲಿ ಬಂತು. ಲ್ಯಾಟಿನ್ನಿನ "ಸೆಕ್ಟಾ", ಅಲ್ಲಿಂದ ಹಳೆಯ ಫ್ರೆಂಚ್, ಅಲ್ಲಿಂದ ಇಂಗ್ಲಿಷ್. ಎರಡೂ ಬಾಯಲ್ಲಿ ಒಂದೇ ಥರ ಕೇಳಿಸತೊಡಗಿ, ಬಳಸುತ್ತಾ ಬಳಸುತ್ತಾ ಒಂದರ ನೆರಳು ಇನ್ನೊಂದರ ಮೇಲೆ ಬಿತ್ತು.

ಹಾಗಾಗಿ "ಸೆಟ್ ಎಂದರೆ ಗುಂಪು" ಅನ್ನುವುದು ಅರ್ಧ ಪದಕ್ಕೆ ಮಾತ್ರ ಸರಿ. ಮೊಸರು, ಅಲಾರಂ, ಎಲುಬು ಮೂರೂ ಇನ್ನರ್ಧದವು.

ಸಪ್ತಾಪುರದ ಅಮ್ಮ
ಸಿಟ್, ಸೆಟ್. ಕೂಡು, ಕೂಡಿಸು! ಇದನ್ನು ಈಗಲೇ ಅವಳಿಗೆ ಓದಿ ಹೇಳಿದೆ. ತುಂಬಾ ಥ್ಯಾಂಕ್ಸ್ ರೀ.

ಗೌಂಡಿ ಮನೆಯವ
ನಮ್ಮ ಕೆಲಸದಲ್ಲಿ ಸೆಟ್ ಅನ್ನೋದನ್ನು ದಿನಕ್ಕೆ ನೂರು ಸಲ ಹೇಳುತ್ತೇವೆ. "ಮಾಲು ಸೆಟ್ ಆತು, ಇನ್ನ ನೀರ ಹಾಕಬ್ಯಾಡ." ಸಿಮೆಂಟಿಗೆ ನೀರು ಬಿದ್ದ ಮೇಲೆ ಗಡಿಯಾರ ಶುರು. ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟ್ 30 ನಿಮಿಷಕ್ಕಿಂತ ಮೊದಲು ಬಿಗಿಯಲು ಶುರು ಮಾಡಬಾರದು, 600 ನಿಮಿಷದ ಒಳಗೆ ಪೂರಾ ಬಿಗಿಯಬೇಕು. ಅದು ನಿಯಮ. ಆ ಅರ್ಧ ತಾಸಿನಲ್ಲಿ ಕಲಸಿದ್ದನ್ನು ಹೊತ್ತು, ಸುರಿದು, ಮಟ್ಟ ಮಾಡಬೇಕು. ಸಿಮೆಂಟ್ ತಯಾರಿಸುವಾಗ ಜಿಪ್ಸಮ್ ಬೆರೆಸುವುದೇ ಇದಕ್ಕಾಗಿ. ಅದು ಇಲ್ಲದಿದ್ದರೆ ಬುಟ್ಟಿಯಲ್ಲೇ ಕಲ್ಲಾಗುತ್ತದೆ.

ಜನ ಇಲ್ಲಿ ದೊಡ್ಡ ತಪ್ಪು ಮಾಡುತ್ತಾರೆ. ಸ್ಲ್ಯಾಬ್ ಗಟ್ಟಿ ಆಯಿತು, ಸೆಟ್ ಆಯಿತು ಅಂತ ನೀರು ಹೊಡೆಯುವುದನ್ನು ಬಿಡುತ್ತಾರೆ. ಸೆಟ್ ಆಗುವುದು ಬೇರೆ, ಬಲ ಬರುವುದು ಬೇರೆ. ಕಡಿಮೆ ಅಂದರೂ ಏಳು ದಿನ ತೇವ ಆರಬಾರದು. ನಮ್ಮಪ್ಪ ಕನ್ನಡದಲ್ಲಿ ಎರಡು ಮಾತು ಇಟ್ಟುಕೊಂಡಿದ್ದರು. ಮೊದಲನೆಯದಕ್ಕೆ "ಬಿಗೀತು". ಎರಡನೆಯದಕ್ಕೆ "ಕಸುವು ಹಿಡೀತು". ಇಂಥ ಎರಡು ಮಾತು ಇದ್ದರೆ ಮನೆ ಕಟ್ಟಿಸುವವರಿಗೂ ತಿಳಿಯುತ್ತದೆ. "ಸೆಟ್" ಅಂದರೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ.

ವಿದ್ಯಾನಗರದವ
"ಕಸುವು ಹಿಡೀತು" ಎಂಥಾ ಛಲೋ ಮಾತು! ಬರೆದಿಟ್ಟುಕೊಂಡೆ.

ಖಾನಾವಳಿ ಪ್ರಿಯ
ಸೆಟ್ ದೋಸೆ ಬಗ್ಗೆ ಯಾರೂ ಹೇಳಲಿಲ್ಲ. ಒಂದು ಪ್ಲೇಟಿಗೆ ಮೂರು ಬಂದರೆ ಸೆಟ್. ಹುಬ್ಬಳ್ಳಿಯಲ್ಲಿ ಈಗ ಕೆಲವು ಕಡೆ ಎರಡೇ ಕೊಡುತ್ತಾರೆ. ಎರಡಕ್ಕೆ ಸೆಟ್ ಅನ್ನಬಹುದಾ?

ಉಣಕಲ್ ದಂಡೆ
ಎರಡು ಇದ್ದರೆ ಜೋಡಿ. ಮೂರರ ಮೇಲೆ ಸೆಟ್. ನಮ್ಮ ಮನೆಯಲ್ಲಿ ಬಳೆ, ಕಿವಿಯೋಲೆ ಎಲ್ಲ ಜೋಡಿ. ಅದರ ಜೊತೆ ಕೊರಳಿಂದೂ ಸೇರಿದರೆ "ದಾಗೀನ ಸೆಟ್".

ಖಾನಾವಳಿ ಪ್ರಿಯ
ಹಾಗಾದರೆ ಪಂಪ್‌ಸೆಟ್? ಒಂದು ಪಂಪು, ಒಂದು ಮೋಟಾರು. ಎರಡೇ ಇವೆಯಲ್ಲ.

ಮೆಣಸಿನ ಹೊಲ
ಅದಕ್ಕೇ ಸೆಟ್ ಅನ್ನುವುದು. ಮೋಟಾರ್ ಒಂದೇ ನೀರು ಎತ್ತುವುದಿಲ್ಲ. ಪಂಪ್ ಒಂದೇ ತಿರುಗುವುದಿಲ್ಲ. ಕೂಡಿದರೆ ಕೆಲಸ. ಎಣಿಕೆ ಮುಖ್ಯ ಅಲ್ಲ. ಒಂದಿಲ್ಲದಿದ್ದರೆ ಇನ್ನೊಂದು ನಿರುಪಯೋಗ ಅನ್ನುವುದು ಮುಖ್ಯ. ನಮ್ಮಲ್ಲಿ "ಐಪಿ ಸೆಟ್" ಅಂತ ಲೈನ್‌ಮನ್ನಿಂದ ಹಿಡಿದು ಅಜ್ಜನವರೆಗೂ ಎಲ್ಲರೂ ಅನ್ನುತ್ತಾರೆ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ ಆದ ಮೇಲಂತೂ ಆ ಪದ ಇಲ್ಲದೆ ಹಳ್ಳಿಯಲ್ಲಿ ಮಾತೇ ಇಲ್ಲ.

ನಾನು ಬ್ಯಾಡಗಿ ಕಡೆಯವನು. ನಮಗೆ ಇನ್ನೊಂದು ಸೆಟ್ ಇದೆ, ಅದು ಹೊಟ್ಟೆಪಾಡಿನದು. ಕೃಷಿ ವಿಭಾಗದವರು "ಫ್ರೂಟ್ ಸೆಟ್" ಅನ್ನುತ್ತಾರೆ. ಹೂ ಕಾಯಿ ಆಗುವುದು. ನಾವು "ಕಾಯಿ ಕಟ್ಟಿತು" ಅನ್ನುತ್ತೇವೆ. ಮೆಣಸಿನ ಗಿಡ ಮೈತುಂಬಾ ಹೂ ಬಿಟ್ಟಿರುತ್ತದೆ. ನಾಲ್ಕು ದಿನ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಹೂವೆಲ್ಲ ನೆಲಕ್ಕೆ. ಬಿಸಿಲು ಅತಿಯಾದರೂ ಅಷ್ಟೇ. ಹೂ ನೋಡಿ ಲೆಕ್ಕ ಹಾಕಬಾರದು, ಕಾಯಿ ಕಟ್ಟಿದ್ದು ನೋಡಿ ಹಾಕಬೇಕು ಅಂತ ಅಪ್ಪ ಹೇಳುತ್ತಿದ್ದ. ನಿಮ್ಮ ಮಗಳ ಪಟ್ಟಿಗೆ "ಕಟ್ಟು" ಸೇರಿಸಿ. ಕಾಯಿ ಕಟ್ಟುತ್ತದೆ, ಕಾಳು ಕಟ್ಟುತ್ತದೆ, ಮೊಸರೂ ಕಟ್ಟುತ್ತದೆ.

ಕಬ್ಬಿನ ಗದ್ದೆ
ಕಬ್ಬು ಹಚ್ಚುವಾಗಲೂ ಸೆಟ್ ಅನ್ನುತ್ತಾರೆ. ಎರಡು ಕಣ್ಣಿನ ಸೆಟ್, ಮೂರು ಕಣ್ಣಿನ ಸೆಟ್.

ನಿಘಂಟು ಪ್ರೀತಿ
ಅದು ಸ್ವಲ್ಪ ಬೇರೆ. ಕಬ್ಬಿನ ತುಂಡಿಗೆ ಇಂಗ್ಲಿಷಿನಲ್ಲಿ ಕೊನೆಗೆ ಟಿ ಅಕ್ಷರ ಎರಡು ಸಲ ಬರೆಯುವುದು ರೂಢಿ. ಮೂಲ ಮಾತ್ರ "ನೆಡು" ಎನ್ನುವ ಅದೇ ಸೆಟ್. ನೆಡಲು ಇಟ್ಟುಕೊಂಡ ಸಣ್ಣ ಈರುಳ್ಳಿ ಗಡ್ಡೆಗೂ ಅಲ್ಲಿ ಸೆಟ್ ಅಂತಲೇ ಹೆಸರು.

ಕಬ್ಬಿನ ಗದ್ದೆ
ನಮಗೆ ಉಳ್ಳಾಗಡ್ಡಿ ಅಂದರೆ ಸಾಕು ರೀ. ಈರುಳ್ಳಿ ಅಂದರೆ ಬೆಂಗಳೂರಿನವರು ಅನಿಸುತ್ತದೆ.

ಬೆಟಗೇರಿ ಪ್ರೆಸ್
ಗದಗಿನವರು ಒಬ್ಬರಾದರೂ ಮಾತಾಡಬೇಕಲ್ಲ. ನಮ್ಮ ಊರಲ್ಲಿ ಪ್ರೆಸ್ಸುಗಳು ಜಾಸ್ತಿ. ನಾನು ಹುಡುಗನಿದ್ದಾಗ ಚಿಕ್ಕಪ್ಪನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವುದನ್ನು ಕಲಿತೆ. ಸೀಸದ ಮೊಳೆ. ಒಂದೊಂದೇ ಅಕ್ಷರ ಎತ್ತಿ, ಕೈಯಲ್ಲಿ ಹಿಡಿದ ಜೋಡಣೆಯ ಪಟ್ಟಿಯಲ್ಲಿ ತಲೆಕೆಳಗಾಗಿ ಇಡಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ಟೈಪ್ ಸೆಟ್ ಮಾಡುವುದು ಅಂತ ಹೆಸರು. ನಮ್ಮಲ್ಲಿ ಯಾರೂ ಸೆಟ್ ಅನ್ನಲಿಲ್ಲ. "ಕಂಪೋಜ್ ಮಾಡು" ಇಲ್ಲವೇ "ಮೊಳೆ ಜೋಡಿಸು". ಕನ್ನಡಕ್ಕೆ ಇನ್ನೂ ಕಷ್ಟ. ಒತ್ತು, ದೀರ್ಘ, ಗುಣಿತ ಎಲ್ಲಕ್ಕೂ ಬೇರೆ ಬೇರೆ ಮೊಳೆ. ಇಂಗ್ಲಿಷ್ ಕಂಪೋಜಿಟರ್ ಎರಡು ಪುಟ ಮುಗಿಸುವ ಹೊತ್ತಿಗೆ ನಮಗೆ ಒಂದು.

ಆಮೇಲೆ "ಆಫ್‌ಸೆಟ್" ಬಂತು. ಎಷ್ಟೋ ಜನ ದಿನಾ ಈ ಹೆಸರು ಹೇಳುತ್ತಾರೆ, ಯಾಕೆ ಆ ಹೆಸರು ಅಂತ ಕೇಳಿದವರು ಕಡಿಮೆ. ಪ್ಲೇಟಿನ ಶಾಯಿ ನೇರವಾಗಿ ಕಾಗದಕ್ಕೆ ಬೀಳುವುದಿಲ್ಲ. ಮೊದಲು ರಬ್ಬರ್ ಹೊದಿಕೆಗೆ ಹತ್ತುತ್ತದೆ, ಅಲ್ಲಿಂದ ಕಾಗದಕ್ಕೆ ಇಳಿಯುತ್ತದೆ. ಆ ನಡುವಿನ ಹತ್ತುವಿಕೆಯೇ "ಸೆಟ್ ಆಫ್". ಹಸಿ ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಕೆಳಗಿನ ಹಾಳೆಯ ಶಾಯಿ ಮೇಲಿನದರ ಬೆನ್ನಿಗೆ ಹತ್ತುತ್ತದಲ್ಲ, ಅದಕ್ಕೂ ಅದೇ ಮಾತು. ಅಲ್ಲಿ ಅದು ತಪ್ಪು, ಇಲ್ಲಿ ಅದೇ ಯಂತ್ರದ ವಿದ್ಯೆ.

ಅಕ್ಕಾ, "ಜೋಡಿಸು" ಪದವನ್ನು ಬಿಡಬೇಡಿ. ಅದರಲ್ಲಿ ಕೈಯ ಕೆಲಸ ಇದೆ.

ಗಣಿತದ ಮಾಸ್ತರ್
ರಾಣೆಬೆನ್ನೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಪುಸ್ತಕದಲ್ಲಿ ಸೆಟ್ ಅಂದರೆ "ಗಣ". ಶೂನ್ಯ ಗಣ, ಉಪಗಣ, ಗಣಗಳ ಸಂಯೋಗ, ಗಣಗಳ ಛೇದನ. ಜರ್ಮನಿಯ ಗಣಿತಜ್ಞ ಕ್ಯಾಂಟರ್ 19ನೇ ಶತಮಾನದ ಕೊನೆಗೆ ಈ ವಿಷಯ ಕಟ್ಟಿದ. ನಿಮ್ಮ ಶಾಲೆಯ ಸರ್ "ಗುಂಪು" ಎಂದು ಬರೆದದ್ದು ಬಹುಶಃ ಈ ಗಣಿತದ ಪದದ ನೆನಪಿನಿಂದ. ಆದರೆ ಗಣಿತದ ಅರ್ಥವನ್ನು ಇಂಗ್ಲಿಷ್ ಪಾಠಕ್ಕೆ ತರುವುದು ತಪ್ಪು. ಗಣದಲ್ಲಿ ಒಂದೇ ವಸ್ತು ಎರಡು ಸಲ ಬರುವಂತಿಲ್ಲ. ಟೀ ಸೆಟ್ಟಿನಲ್ಲಿ ಒಂದೇ ಥರದ ಕಪ್ಪು ಆರು ಸಲ ಬರುತ್ತದೆ. ಆದ್ದರಿಂದ ಟೀ ಸೆಟ್ ಗಣ ಅಲ್ಲ.

ವಿದ್ಯಾನಗರದವ
ಮಾಸ್ತರೇ, ಒಂದು ನಿಮಿಷ. ಆರು ಕಪ್ಪು ಒಂದೇ ಥರ ಇವೆ, ಒಂದೇ ಕಪ್ಪು ಅಲ್ಲ. ಒಂದು ಒಡೆದರೆ ಐದು ಉಳಿಯುತ್ತವೆ. ಅಂದ ಮೇಲೆ ಅವು ಆರು ಬೇರೆ ಬೇರೆ ವಸ್ತು. ಗಣ ಆಗುತ್ತದೆ.

ಗಣಿತದ ಮಾಸ್ತರ್
ಸರಿಯಾಗಿ ಹಿಡಿದಿರಿ. ನನ್ನ ಮಾತು ವಾಪಸ್. ಬೇರೆ ರೀತಿ ಹೇಳುತ್ತೇನೆ. ಗಣಿತದ ಗಣಕ್ಕೆ ಹೊಂದಾಣಿಕೆ ಬೇಕಿಲ್ಲ. ಒಂದು ಚಪ್ಪಲಿ, ಚಂದ್ರ, ಸಂಖ್ಯೆ 7, ಈ ಮೂರನ್ನು ಸೇರಿಸಿದರೂ ಗಣವೇ. ಮನೆಯ ಸೆಟ್ಟಿಗೆ ಹೊಂದಾಣಿಕೆ ಬೇಕೇ ಬೇಕು. ನಿಮ್ಮ ಮಗಳು "ಒಂದಕ್ಕೊಂದು ಹೊಂದುವ" ಅಂತ ಬರೆದಿದ್ದಾಳೆ ನೋಡಿ. ಗುಂಪು ಅನ್ನುವುದಕ್ಕಿಂತ ಅವಳ ಉತ್ತರವೇ ಹೆಚ್ಚು ಸರಿ.

ಬೆಟಗೇರಿ ಪ್ರೆಸ್
ಗಣ ಅಂದಾಗ ನೆನಪಾಯಿತು. ಛಂದಸ್ಸಿನಲ್ಲೂ ಗಣವೇ. ಭಾಮಿನಿ ಷಟ್ಪದಿಯ ಮೊದಲ ಸಾಲು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಯ ಗಣಗಳು. ಗದಗಿನ ವೀರನಾರಾಯಣ ಗುಡಿಯಲ್ಲಿ ನಿಂತರೆ ಈ ಲಯ ತಾನಾಗಿ ಕಿವಿಗೆ ಬರುತ್ತದೆ. ಗಣ ಅನ್ನುವುದನ್ನು ಗಣಿತದವರು ಹೊಸದಾಗಿ ಹುಟ್ಟಿಸಲಿಲ್ಲ.

ನರ್ಸಕ್ಕ ಹಾವೇರಿ
ಎಲುಬಿನ ಬಗ್ಗೆ ನಾನು ಹೇಳುತ್ತೇನೆ. ಮುರಿದ ತುಂಡುಗಳನ್ನು ತಮ್ಮ ಜಾಗಕ್ಕೆ ತಂದು ಕೂರಿಸುವುದೇ ಸೆಟ್ ಮಾಡುವುದು. ಆಮೇಲೆ ಪ್ಲಾಸ್ಟರ್ ಹಾಕುವುದು ಅವು ಅಲುಗಾಡದಿರಲಿ ಅಂತ. ಕೂಡುವ ಕೆಲಸ ಎಲುಬು ತಾನೇ ಮಾಡಿಕೊಳ್ಳುತ್ತದೆ. ಹಳ್ಳಿಯಿಂದ ಬರುವ ಹಿರಿಯರು "ಎಲಬು ಕೂಡೇತೇನ್ರಿ ಬಾಯಾರ?" ಅಂತ ಕೇಳುತ್ತಾರೆ. ಎಕ್ಸ್‌ರೇ ನೋಡಿ "ಕೂಡೇತಿ" ಅಂದರೆ ಅವರ ಮುಖವೇ ಬೇರೆ ಆಗುತ್ತದೆ. ಈ ಮಗು "ಎಲುಬು ಕೂಡಿಸು" ಅಂತ ಬರೆದದ್ದಕ್ಕೆ ಕೆಂಪು ಗೆರೆ ಎಳೆದದ್ದು ನನಗೆ ನಿಜವಾಗಿ ಬೇಸರ ತಂದಿತು. ಅದು ಪುಸ್ತಕದ ಪದ ಅಲ್ಲ. ನಮ್ಮ ಜನ ನೋವಿನಲ್ಲಿ ಆಡುವ ಪದ.

ವಾಲಿಬಾಲ್ ಶಿಗ್ಗಾವಿ
ವಾಲಿಬಾಲಿಗೆ ಎರಡು ಸೆಟ್ ಇವೆ. 25 ಅಂಕದ ಆಟ ಒಂದು ಸೆಟ್, ಐದನೆಯದಾದರೆ 15. ಎರಡು ಅಂಕದ ಮುನ್ನಡೆ ಬೇಕು. ಇನ್ನೊಂದು, ಹೊಡೆಯುವವನಿಗೆ ಚೆಂಡು ಎತ್ತಿ ಕೊಡುವುದು. ನಮ್ಮಲ್ಲಿ ಅವನಿಗೆ ಲಿಫ್ಟರ್ ಅನ್ನುತ್ತೇವೆ. ಎತ್ತಿ ಕೊಡುವವನು ಇಲ್ಲದಿದ್ದರೆ ಹೊಡೆಯುವವನಿಗೆ ಹೆಸರಿಲ್ಲ.

ಬಡಿಗತನ
ಗರಗಸಕ್ಕೂ ಸೆಟ್ ಇದೆ. ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಚೂರು ಹೊರಳಿಸುವುದು. ಹಾಗೆ ಮಾಡಿದರೆ ಕೊಯ್ದ ಗೀರು ಅಲಗಿಗಿಂತ ಅಗಲ ಆಗುತ್ತದೆ, ಗರಗಸ ಕಟ್ಟಿಗೆಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಹಲ್ಲು ಚೂಪು ಇದ್ದರೆ ಸಾಕು ಅಂದುಕೊಂಡವರ ಗರಗಸ ನಡುವೆ ಕಚ್ಚಿಕೊಂಡು ನಿಲ್ಲುತ್ತದೆ.

ಹಳೇ ಹುಬ್ಬಳ್ಳಿ
ಎಲ್ಲರೂ ಖುಷಿಯಿಂದ ಬರೆಯುತ್ತಿದ್ದೀರಿ. ಒಂದು ಗಂಭೀರ ಮಾತು ಸೇರಿಸುತ್ತೇನೆ. ಈ ಪದದ ಸಂಬಂಧಿಕ ಪದ ಒಂದು ನಮ್ಮ ಊರಲ್ಲಿ ಹೆಸರಾಗಿ ಉಳಿದಿದೆ. ಹುಬ್ಬಳ್ಳಿಯ ಒಂದು ಭಾಗಕ್ಕೆ ಈಗಲೂ "ಸೆಟ್ಲಮೆಂಟ್" ಅನ್ನುತ್ತಾರೆ. ಗದಗ ಬೆಟಗೇರಿಯಲ್ಲೂ ಆ ಹೆಸರು ಇದೆ. ಬ್ರಿಟಿಷರು 1871ರಲ್ಲಿ ಒಂದು ಕಾಯ್ದೆ ತಂದು ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಬರೆದಿಟ್ಟರು. ಮುಂದೆ ಆ ಕಾಯ್ದೆಯ ಕೆಳಗೆ ಇಡೀ ಕುಟುಂಬಗಳನ್ನು ತಂದು ಬೇಲಿಯೊಳಗೆ ಇಟ್ಟರು. ಅದಕ್ಕೆ ಕೊಟ್ಟ ಹೆಸರು ಸೆಟ್ಲಮೆಂಟ್. ನೆಲೆಗೊಳಿಸುವುದು ಅಂತ ಅರ್ಥ. ನಮ್ಮ ಅಜ್ಜ ಹಾಜರಿ ಕೊಡಬೇಕಿತ್ತು. ಹೊರಗೆ ಹೋಗಲು ಚೀಟಿ ಬೇಕಿತ್ತು. ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಆ ಕಾಯ್ದೆ ರದ್ದಾಯಿತು.

"ಹುಡುಗ ಸೆಟಲ್ ಆದನಾ?" ಅಂತ ಎಲ್ಲರೂ ಸುಮ್ನೆ ಕೇಳುತ್ತಾರೆ. ನಮ್ಮ ಅಜ್ಜಿಗೆ ಆ ಪದ ಕೇಳಿದರೆ ಬೇಲಿ ನೆನಪಾಗುತ್ತಿತ್ತು. ನಿಮ್ಮ ಮಗಳಿಗೆ ಇದನ್ನೂ ಹೇಳಿ. ಪದಕ್ಕೆ ಇಂಥ ಅರ್ಥವೂ ಇರುತ್ತದೆ.

ಸಪ್ತಾಪುರದ ಅಮ್ಮ
ಅಣ್ಣಾ, ಹೇಳುತ್ತೇನೆ. ನನಗೇ ಇದು ಗೊತ್ತಿರಲಿಲ್ಲ. ಎಷ್ಟು ಸಲ ಆ ಬಸ್‌ಸ್ಟಾಪಿನ ಹೆಸರು ಓದಿದ್ದೇನೆ.

ನಿಘಂಟು ಪ್ರೀತಿ
ಓದಿ ಮನಸ್ಸು ಭಾರವಾಯಿತು. ಬರೆದದ್ದಕ್ಕೆ ಥ್ಯಾಂಕ್ಸ್. "ಸೆಟಲ್" ಪದದ ಹಿಂದೆ ಇರುವುದು ಕೂಡುವ ಜಾಗ, ಪೀಠ ಎಂಬ ಹಳೆಯ ಪದ. ಅದೂ "ಸಿಟ್" ಕುಟುಂಬದ್ದೇ. ಕೂಡಲು ಜಾಗ ಅಂತ ಹುಟ್ಟಿದ ಪದವನ್ನು ಏಳಲು ಬಿಡದ ಜಾಗಕ್ಕೆ ಇಟ್ಟರು.

ಮೈಸೂರಿಂದ ಬಂದ ಸೊಸೆ
ನಾನು ಮದುವೆಯಾಗಿ ಧಾರವಾಡಕ್ಕೆ ಬಂದು ಒಂಬತ್ತು ವರ್ಷ. ಹೊರಗಿನಿಂದ ಬಂದವಳಾಗಿ ಒಂದು ಮಾತು ಹೇಳಲೇಬೇಕು. ನಿಮ್ಮೆಲ್ಲರ ಬಳಿ "ಸೆಟ್" ಪದಕ್ಕೆ ಸಮನಾದ ಪದ ಆಗಲೇ ಇದೆ. ನೀವು ದಿನಾ ಆಡುವುದರಿಂದ ನಿಮಗೆ ಕಾಣುತ್ತಿಲ್ಲ. ಅದು "ಹಚ್ಚು".

ಮೈಸೂರಿನಲ್ಲಿ ಹಚ್ಚು ಅಂದರೆ ದೀಪ, ಬೆಂಕಿ, ತರಕಾರಿ. ಇನ್ನು ಎಣ್ಣೆ, ಬಣ್ಣ ಹಚ್ಚುತ್ತೇವೆ. ಅಷ್ಟೇ. ಇಲ್ಲಿ ಬಂದ ಮೊದಲ ವಾರ ಅತ್ತೆ "ಟೀವಿ ಹಚ್ಚವಾ" ಅಂದರು. ನಾನು ಎದ್ದು ನಿಂತು ಅವರ ಮುಖ ನೋಡಿದೆ. ಆಮೇಲೆ "ನಿಮ್ಮ ಅಪ್ಪಗ ಫೋನ್ ಹಚ್ಚಿ ಕೊಡ್ಲೇನ?" ಅಂದರು. ಮಾವ ಗಾಡಿಯನ್ನು ಗೋಡೆಗೆ ಹಚ್ಚಿ ನಿಲ್ಲಿಸುತ್ತಾರೆ. ಮೈದುನ ಅಂಗಡಿ ಹಚ್ಚಿದ್ದಾನೆ. ಹಿತ್ತಲಲ್ಲಿ ಗಿಡ ಹಚ್ಚುತ್ತಾರೆ. ಹುಡುಗರನ್ನು ಕೆಲಸಕ್ಕೆ ಹಚ್ಚುತ್ತಾರೆ. ಜಗಳ ಹಚ್ಚುವವರೂ ಇದ್ದಾರೆ.

ಈಗ ಇಂಗ್ಲಿಷಿಗೆ ಹಾಕಿ ನೋಡಿ. ಬೆಂಕಿ ಹಚ್ಚು, ಅಲ್ಲಿ ಸೆಟ್. ಕೆಲಸಕ್ಕೆ ಹಚ್ಚು, ಅಲ್ಲೂ ಸೆಟ್. ಸಸಿ ಹಚ್ಚು, ಅಲ್ಲೂ ಸೆಟ್. ಅಂಗಡಿ ಹಚ್ಚು, ಅಲ್ಲೂ ಸೆಟ್. ಅಷ್ಟು ದೂರದ ಭಾಷೆಯ ಪದ ಇಲ್ಲಿಯ ಪದದ ಪಕ್ಕದಲ್ಲೇ ನಡೆಯುತ್ತಿದೆ, ಅಲ್ವಾ?

ಮೆಣಸಿನ ಹೊಲ
ಅಹಾ! ನಾವು "ಅಗಿ ಹಚ್ಚೋದು" ಅಂತೀವಿ. ಮೆಣಸಿನ ಸಸಿಗೆ ಅಗಿ ಅನ್ನುತ್ತಾರೆ. ದಿನಾ ಬಾಯಲ್ಲಿ ಇದ್ದದ್ದು ಹೊಳೆಯಲೇ ಇಲ್ಲ.

ಗೌಂಡಿ ಮನೆಯವ
ಫರಶಿ ಹಚ್ಚೋದು, ಟೈಲ್ಸ್ ಹಚ್ಚೋದು, ಬಾಗಿಲ ಹಚ್ಚೋದು. ಗಿಲಾವ್, ಅಂದ್ರ ಗೋಡೆಗೆ ಪ್ಲಾಸ್ಟರ್, ಅದನ್ನ ಮಾತ್ರ ಮಾಡೋದು.

ಉಣಕಲ್ ದಂಡೆ
ಒಪ್ಪುವುದಿಲ್ಲ. ಮೊಸರು ಹಚ್ಚುತ್ತೀರಾ? ಸೂರ್ಯ ಹಚ್ಚುತ್ತಾನಾ? ಎಲುಬು ಹಚ್ಚುತ್ತೀರಾ? ಇಲ್ಲ. ಹಚ್ಚು ದೊಡ್ಡ ಪದ, ಆದರೆ ಸೆಟ್ಟಿಗೆ ಸಮ ಅಲ್ಲ. ನನ್ನ ಓಟು "ಕೂಡಿಸು" ಪದಕ್ಕೆ. ಗಣಪತಿ ಕೂಡಿಸುತ್ತೇವೆ. ಎಲುಬು ಕೂಡಿಸುತ್ತೇವೆ. ಲೆಕ್ಕ ಕೂಡಿಸುತ್ತೇವೆ. ಜನರನ್ನು ಕೂಡಿಸುತ್ತೇವೆ. ಹುಡುಗಿ ಕಡೆಯವರು "ಜಾತಕ ಕೂಡಿತು" ಅನ್ನುತ್ತಾರೆ, "ಸಂಬಂಧ ಕೂಡಿ ಬಂತು" ಅನ್ನುತ್ತಾರೆ. ಈಗಿನ ಹುಡುಗರು "ಸೆಟ್ ಆಯ್ತು" ಅನ್ನುವುದು ಅದನ್ನೇ.

ವಿದ್ಯಾನಗರದವ
ಗಣಪತಿ ಕೂಡಿಸುವುದರಲ್ಲಿ ಎರಡೂ ಸೆಟ್ ಇವೆ ನೋಡಿ! ಗಣ ಅಂದರೆ ಸೆಟ್. ಕೂಡಿಸು ಅಂದರೆ ಸೆಟ್.

ಗಣಿತದ ಮಾಸ್ತರ್
ಇದನ್ನು ನಾಳೆ ಕ್ಲಾಸಿನಲ್ಲಿ ಹೇಳುತ್ತೇನೆ. ಗಣಗಳಿಗೆ ಪತಿ. ಮಕ್ಕಳು ಮರೆಯುವುದಿಲ್ಲ.

ನಿಘಂಟು ಪ್ರೀತಿ
ಉಣಕಲ್ ಅಣ್ಣನವರ ಮಾತಿಗೆ ಒಂದು ತಿದ್ದುಪಡಿ, ಒಂದು ಬೆಂಬಲ. ತಿದ್ದುಪಡಿ ಮೊದಲು. ಗಣಪತಿ ಕೂಡಿಸುವ "ಕೂಡು" ಬೇರೆ, ಲೆಕ್ಕ ಕೂಡಿಸುವ "ಕೂಡು" ಬೇರೆ. ಮೊದಲನೆಯದು ಹಳಗನ್ನಡದ "ಕುಳ್ಳಿರು" ಕಡೆಯಿಂದ ಬಂದದ್ದು. ಅದೇ ತೆಂಕಣದಲ್ಲಿ ಕೂರು, ಕುಳಿತುಕೋ ಆಯಿತು. ನಮ್ಮ ಬಾಯಲ್ಲಿ "ಬರ್ರಿ, ಕೂಡ್ರಿ" ಆಯಿತು. ಎರಡನೆಯದು ಸೇರು ಎಂಬ ಅರ್ಥದ "ಕೂಡು". ಅದು ತಮಿಳಿನಲ್ಲೂ ಇದೆ, ತೆಲುಗಿನಲ್ಲೂ ಇದೆ. ಕೃಷ್ಣೆ, ಮಲಪ್ರಭೆ ಸೇರುವ ಜಾಗಕ್ಕೆ ಕೂಡಲಸಂಗಮ ಅನ್ನುವುದು ಈ ಕೂಡುವಿನಿಂದ.

ಈಗ ಬೆಂಬಲ. ಮೇಲೆ ನಾನೇ ಬರೆದದ್ದನ್ನು ಮತ್ತೆ ಓದಿ. ಇಂಗ್ಲಿಷಿನಲ್ಲಿ "ಕೂರಿಸು" ಎನ್ನುವ ಒಂದು ಬೇರು, "ಕೂಡಿದ ಗುಂಪು" ಎನ್ನುವ ಇನ್ನೊಂದು ಬೇರು, ಎರಡೂ "ಸೆಟ್" ಎಂಬ ಒಂದೇ ದನಿಗೆ ಬಂದು ನಿಂತವು. ಧಾರವಾಡ ಕನ್ನಡದಲ್ಲೂ "ಕೂರಿಸು" ಎನ್ನುವ ಒಂದು ಬೇರು, "ಸೇರಿಸು" ಎನ್ನುವ ಇನ್ನೊಂದು ಬೇರು, ಎರಡೂ "ಕೂಡಿಸು" ಎಂಬ ಒಂದೇ ದನಿಗೆ ಬಂದು ನಿಂತಿವೆ. ಅದೂ ಅದೇ ಎರಡು ಅರ್ಥಗಳು! ಮೈಸೂರಿನ ಕನ್ನಡದಲ್ಲಿ ಕೂರಿಸು ಬೇರೆ, ಕೂಡಿಸು ಬೇರೆ. ಇದು ಆಗಿರುವುದು ನಮ್ಮ ಕಡೆಯ ಮಾತಿನಲ್ಲಿ. ಬರೆಯುತ್ತಾ ನನಗೇ ಮೈ ಜುಮ್ಮೆಂದಿತು.

ನರ್ಸಕ್ಕ ಹಾವೇರಿ
ಹಾಗಾದರೆ ಎಲುಬು ಕೂಡಿಸುವುದು ಯಾವ ಕೂಡು? ಜಾಗಕ್ಕೆ ಕೂರಿಸುವುದಾ, ಎರಡು ತುಂಡು ಸೇರಿಸುವುದಾ?

ನಿಘಂಟು ಪ್ರೀತಿ
ಮೂಲದಲ್ಲಿ ಸೇರಿಸುವುದೇ. ಆದರೆ ನೀವೇ ಹೇಳಿದಿರಿ, ಜಾಗಕ್ಕೆ ಕೂರಿಸಿದರೆ ಮಾತ್ರ ಅದು ಸೇರುತ್ತದೆ. ಆಡುವವರ ಮನಸ್ಸಿನಲ್ಲಿ ಎರಡೂ ಇವೆ.

ಮೈಸೂರಿಂದ ಬಂದ ಸೊಸೆ
"ಕೂಡಿಸು" ಗೆದ್ದಿತು ಅಂತ ಒಪ್ಪುತ್ತೇನೆ. ಆದರೆ ಹಚ್ಚು ಪದವನ್ನು ಬಿಡುವುದಿಲ್ಲ. ಪಟ್ಟಿಯಲ್ಲಿ ಎರಡನೆಯ ಜಾಗ ಕೊಡಿ.

ಡ್ರಾಮಾ ಹುಚ್ಚು
ನಾಟಕದ ಸೆಟ್ ಉಳಿಯಿತು. ನಮ್ಮ ಹಳ್ಳಿಗಳಲ್ಲಿ ಜಾತ್ರೆಗೆ ನಾಟಕ ಮಾಡುವಾಗ ಸೆಟ್ ಅನ್ನುವುದಿಲ್ಲ. "ಸೀನ್ಸ್ ತರಿಸೇವಿ" ಅನ್ನುತ್ತಾರೆ. ಬಣ್ಣ ಬಳಿದ ಪರದೆಗಳು. ಅರಮನೆ, ಕಾಡು, ಬೀದಿ. ಸುರುಳಿ ಬಿಚ್ಚಿದರೆ ಊರು ಬದಲು. ಸೆಟ್ ಅನ್ನೋದು ಸಿನಿಮಾದವರಿಂದ ಬಂದ ಮಾತು.

ಖ್ವಾಜಾ ಗಲ್ಲಿ
ರೈಲ್ವೆಯಲ್ಲಿ ಡಬ್ಬಿಗಳ ಸಾಲಿಗೆ ಸೆಟ್ ಅನ್ನುವುದು ಕಡಿಮೆ. "ರೇಕ್" ಅನ್ನುತ್ತೇವೆ. ಸಿಗ್ನಲ್ ಕಡೆಯವರು ಮಾತ್ರ "ರೂಟ್ ಸೆಟ್ ಆಯಿತು" ಅನ್ನುತ್ತಾರೆ. ಗಾಡಿ ಹೋಗುವ ದಾರಿಯ ಪಾಯಿಂಟುಗಳೆಲ್ಲ, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗಗಳು, ಸರಿಯಾದ ಕಡೆ ತಿರುಗಿ, ಲಾಕ್ ಆದ ಮೇಲೇ ಸಿಗ್ನಲ್ ಬೀಳುತ್ತದೆ. ಅಲ್ಲಿ ಸೆಟ್ ಅನ್ನುವ ಪದಕ್ಕೆ ಜೀವದ ಬೆಲೆ ಇದೆ. ಅಂದಾಜಿಗೆ ಸೆಟ್ ಅನ್ನುವಂತಿಲ್ಲ.

ಖಾನಾವಳಿ ಪ್ರಿಯ
ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಎರಡು ದೋಸೆ ಸೆಟ್ಟಾ, ಅಲ್ವಾ?

ಮೆಣಸಿನ ಹೊಲ
ಪಂಪ್‌ಸೆಟ್ ಲೆಕ್ಕದಲ್ಲಿ ಹೇಳುತ್ತೇನೆ. ದೋಸೆ, ಸಾಗು, ಚಟ್ನಿ ಕೂಡಿದರೆ ಸೆಟ್. ದೋಸೆ ಎಷ್ಟಾದರೂ ಇರಲಿ.

ಖಾನಾವಳಿ ಪ್ರಿಯ
ಇದು ಸರಿ ಕಾಣುತ್ತದೆ.

ಸಪ್ತಾಪುರದ ಅಮ್ಮ
ಎಲ್ಲರಿಗೂ. ನಿನ್ನೆ ಮಗಳು ನಿಮ್ಮ ಉತ್ತರಗಳನ್ನೆಲ್ಲ ಎರಡು ಹಾಳೆಯಲ್ಲಿ ಬರೆದುಕೊಂಡು ಶಾಲೆಗೆ ಹೋದಳು. ಸರ್ ಮಧ್ಯಾಹ್ನದ ಬಿಡುವಿನಲ್ಲಿ ಕೂತು ಪೂರ್ತಿ ಓದಿದರಂತೆ. ಮೊಸರು ಮತ್ತು ಎಲುಬಿನ ಕೆಂಪು ಗೆರೆ ಅಳಿಸಿ, ಪಕ್ಕದಲ್ಲಿ ಸಹಿ ಹಾಕಿ ಕೊಟ್ಟಿದ್ದಾರೆ. "ಕಸುವು ಹಿಡಿ" ಮತ್ತು "ಕಾಯಿ ಕಟ್ಟು" ಎರಡನ್ನೂ ಬೋರ್ಡಿನ ಮೇಲೆ ಬರೆಸಿದರಂತೆ. ಅಲಾರಂ ಮಾತ್ರ ಒಪ್ಪಲಿಲ್ಲ. "ಇಡು" ಅಂದರೆ ಅಲಾರಂ ಗಡಿಯಾರವನ್ನು ಮೇಜಿನ ಮೇಲೆ ಇಡುವುದು ಅಂತ ಅರ್ಥ ಆಗುತ್ತದೆ, ಬೇರೆ ಪದ ತಾ ಅಂದಿದ್ದಾರೆ.

ಇನ್ನೊಂದು. ಅವಳು ನಿನ್ನೆ ರಾತ್ರಿ ತಾನೇ ಒಂದು ಹೋಂವರ್ಕ್ ತಯಾರಿಸಿದ್ದಾಳೆ, ಸರ್‌ಗೆ ಕೊಡಲು. "ಹಚ್ಚು ಪದವನ್ನು ಹತ್ತು ವಾಕ್ಯಗಳಲ್ಲಿ ಬಳಸಿ, ಪ್ರತಿಯೊಂದಕ್ಕೂ ಇಂಗ್ಲಿಷ್ ಅರ್ಥ ಬರೆಯಿರಿ."

ಮೈಸೂರಿಂದ ಬಂದ ಸೊಸೆ
ಆ ಮಗುವನ್ನು ನನಗೆ ನೋಡಬೇಕು. ನಾವಿರುವುದೂ ಸಪ್ತಾಪುರದ ಹತ್ತಿರವೇ.

ಬೆಟಗೇರಿ ಪ್ರೆಸ್
ಅಲಾರಂಗೆ "ಹೊತ್ತು ಗೊತ್ತು ಮಾಡು" ಆಗಬಹುದಾ?

ಉಣಕಲ್ ದಂಡೆ
ಉದ್ದ ಆಯಿತು. ನಮ್ಮ ಮನೆಯಲ್ಲಿ "ಐದಕ್ಕ ಅಲಾರಂ ಇಡು" ಅಂತಲೇ ಅನ್ನುತ್ತಾರೆ. "ಐದಕ್ಕೆ" ಅನ್ನುವುದು ಮುಂದೆ ಇದ್ದರೆ ಮೇಜು ಯಾರಿಗೂ ನೆನಪಾಗುವುದಿಲ್ಲ. ಸರ್‌ಗೆ ಇಡೀ ವಾಕ್ಯ ಬರೆದು ತೋರಿಸಲು ಹೇಳಿ.

ಸಪ್ತಾಪುರದ ಅಮ್ಮ
ಹೇಳಿದೆ. ಬರೆಯುತ್ತಿದ್ದಾಳೆ.